ಟೀಚರ್ ತಾವೇ ಹತ್ತುವ ಗಾಡಿ

ಬಸವಕಲ್ಯಾಣದ ಆಟೋ ನಗರದಲ್ಲಿ ಲಾರಿಗೆ ಬಾಡಿ ಕಟ್ಟುವವರು ಸಾಲುಸಾಲಾಗಿ ಇದ್ದಾರೆ. ಬೆಳಗಾದರೆ ಸುತ್ತಿಗೆ, ವೆಲ್ಡಿಂಗ್, ಗ್ರೈಂಡರು ಎಲ್ಲ ಕೂಡಿ ಎಬ್ಬಿಸುವ ಗದ್ದಲದಲ್ಲಿ ಎದುರಿಗಿದ್ದವರ ಮಾತೂ ಕೇಳುವುದಿಲ್ಲ. ಆ ಸಾಲಿನಲ್ಲಿ ಜಲಾಲುದ್ದೀನ್ ಉಸ್ತಾದರ ಖಾರಖಾನೆಗೆ ಮಾತ್ರ ಬೋರ್ಡಿಲ್ಲ. ಬೇಕಾಗಿಯೂ ಇರಲಿಲ್ಲ. ಸಸ್ತಾಪುರ ಬಂಗ್ಲಾದಲ್ಲಿ ಇಳಿದು ಯಾವ ಚಹಾದಂಗಡಿಯಲ್ಲಿ ಕೇಳಿದರೂ ದಾರಿ ಹೇಳುತ್ತಾರೆ. ಅವರು ಕಟ್ಟಿದ ಬಾಡಿ ಹತ್ತು ವರ್ಷ ಕಬ್ಬು ಹೊತ್ತರೂ ಕಿರ್ ಅನ್ನುವುದಿಲ್ಲ ಎಂಬುದು ಆ ಹೆದ್ದಾರಿಯ ಡ್ರೈವರುಗಳಿಗೆಲ್ಲ ಗೊತ್ತಿದ್ದ ಸಂಗತಿ.

ಉಸ್ತಾದರಿಗೆ ಐವತ್ತೆಂಟು ವರ್ಷ. ಗಡ್ಡಕ್ಕೆ ಮೆಹಂದಿ, ಕಿವಿಯ ಮೇಲೆ ಪೆನ್ಸಿಲ್ಲು, ಅಂಗಿಯ ಕಿಸೆಯಲ್ಲಿ ಅಳತೆ ಟೇಪು. ಈ ವಯಸ್ಸಿನಲ್ಲೂ ಅವರು ಲಾರಿ ಹತ್ತುವುದನ್ನು ನೋಡಬೇಕು. ಒಂದು ಕಾಲು ಗಾಲಿಯ ಮೇಲೆ, ಒಂದು ಕೈ ಬಾಡಿಯ ಅಂಚಿಗೆ, ಮರುಗಳಿಗೆಗೆ ಮೇಲೆ. ಯಾರಾದರೂ ಗಿರಾಕಿ ನಿಚ್ಚಣಿಕೆ ಕೇಳಿದರೆ ಅವರಿಗೆ ನಗು ಬರುತ್ತಿತ್ತು. "ಲಾರಿ ಏನು ಮಾಳಿಗಿ ಅದ ಏನ್ರಿ, ನಿಚ್ಚಣಕಿ ಹಚ್ಚಿ ಹತ್ತಲಾಕ?" ಎನ್ನುತ್ತಿದ್ದರು.

ಹೋದ ವರ್ಷ ದೀಪಾವಳಿ ಮುಗಿದ ವಾರ ಹುಮನಾಬಾದಿನಿಂದ ಗಂಡಹೆಂಡತಿ ಇಬ್ಬರು ಅವರ ಖಾರಖಾನೆಗೆ ಬಂದರು. ಗಂಡ ಗುರುಶಾಂತಪ್ಪ, ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಹೆಂಡತಿ ವಿಜಯಶ್ರೀ, ಹೈಸ್ಕೂಲಿನಲ್ಲಿ ಆಟದ ಟೀಚರಾಗಿದ್ದವರು. ಆಟೋದಿಂದ ಇಳಿಯುವಾಗಲೇ ಟೀಚರು ಉಸ್ತಾದರ ಕಣ್ಣಿಗೆ ಬಿದ್ದರು. ಮೊದಲು ಸೀಟಿನ ಮೇಲೇ ಪಕ್ಕಕ್ಕೆ ತಿರುಗಿದರು, ಎರಡೂ ಕಾಲು ನೆಲಕ್ಕೆ ಊರಿದರು, ಕಂಬಿ ಹಿಡಿದು ಮೆಲ್ಲಗೆ ಎದ್ದರು. ಗಂಡ ಕೈ ಚಾಚಿದರೆ ಹಿಡಿಯಲಿಲ್ಲ.

ಗುರುಶಾಂತಪ್ಪನವರು ಬಂದ ಕೆಲಸ ಹೇಳಿದರು. "ಉಸ್ತಾದ್ರ, ನಮಗೊಂದು ಮನಿಗಾಡಿ ಬೇಕಾಗ್ಯಾದ. ಮಲಗಾಕ ಜಾಗ, ಅಡಿಗಿ ಕಟ್ಟಿ, ಸಣ್ಣದೊಂದು ಪಾಯಖಾನಿ. ಜೀವಮಾನ ಪೂರ್ತಿ ಇಷ್ಟ್ ಊರು ಸುತ್ತೀನಿ, ಒಂದೂರಾಗೂ ಬಸ್ ಸ್ಟ್ಯಾಂಡ್ ದಾಟಿ ಒಳಗ ಹೋಗಿಲ್ಲ. ಈಗ ಇಕಿನ್ನ ಕರ್ಕೊಂಡು ನಿಂತು ನೋಡ್ಬೇಕಂತ ಆಸೆ."

ಉಸ್ತಾದರು ಖುಷಿಯಾದರು. ಕಬ್ಬು, ಸಿಮೆಂಟು, ಈರುಳ್ಳಿ ಹೊರುವ ಗಾಡಿಗಳ ನಡುವೆ ಇದೊಂದು ಹೊಸ ನಮೂನೆಯ ಕೆಲಸ. ಕೂಡಲೇ ಅಂಗಳದಲ್ಲಿ ನಿಂತಿದ್ದ ಹಳೆಯ ಆರು ಗಾಲಿಯ ಲಾರಿಯೊಂದರ ಚಾಸಿ ತೋರಿಸಿದರು. ಚಾಸಿ ಅಂದರೆ ಬಾಡಿಯೆಲ್ಲ ಬಿಚ್ಚಿದ ಮೇಲೆ ಉಳಿಯುವ ಕಬ್ಬಿಣದ ಅಸ್ಥಿಪಂಜರ, ಅದರ ಎಂಜಿನ್ನು, ಅದರ ಗಾಲಿ. "ಗಟ್ಟಿ ಮಾಲು. ಇದರ ಮ್ಯಾಲ ನಾ ಬಂಗ್ಲೆ ಕಟ್ಟಿಕೊಡ್ತೀನಿ" ಎಂದರು.

ಟೀಚರು ಚಾಸಿಯ ಸುತ್ತ ಒಂದು ಸುತ್ತು ಹಾಕಿದರು. ಅದರ ಮೇಲಂಚು ಅವರ ಸೊಂಟ ದಾಟಿತ್ತು. ಮೇಲೆ ಅಡ್ಡಪಟ್ಟಿ, ಹಲಗೆ ಬಿದ್ದರೆ ಎದೆಮಟ್ಟ.

"ಹತ್ತೋದು ಹ್ಯಾಂಗ್ರಿ?" ಎಂದು ಕೇಳಿದರು.

"ಎರಡು ಪಾವಟಿಗಿ ಹಚ್ಚಿದ್ರ ಆತ್ರಿ ಅಕ್ಕಾರ. ಹಿಡಿಯಾಕ ಒಂದು ಕಂಬಿ."

"ನಿಮ್ಮ ಎಡಗಾಲು ಮುಂದ ಮಾಡ್ರಿ."

ಉಸ್ತಾದರಿಗೆ ಅರ್ಥವಾಗಲಿಲ್ಲ. ಆದರೆ ಆ ದನಿಯಲ್ಲಿ ಏನೋ ಇತ್ತು. ಮೈದಾನದ ಈ ತುದಿಯಿಂದ ಆ ತುದಿಗೆ ಮುಟ್ಟುವಂಥ ದನಿ. ತಮಗೇ ಗೊತ್ತಿಲ್ಲದಂತೆ ಅವರು ಕಾಲು ಮುಂದೆ ಮಾಡಿದರು. ಟೀಚರು ನೆಲದಲ್ಲಿ ಬಿದ್ದಿದ್ದ ಕಟ್ಟಿಗೆಯ ಪಟ್ಟಿಯೊಂದನ್ನು ಗಂಡನ ಕೈಗೆ ಕೊಟ್ಟು, ಉಸ್ತಾದರ ಮೊಣಕಾಲಿಗೆ ನೆಟ್ಟಗೆ ಹಿಡಿಸಿ, ಮೇಲೊಂದು ಕೆಳಗೊಂದು ಬಟ್ಟೆಯ ತುಂಡಿನಿಂದ ಬಿಗಿದು ಕಟ್ಟಿಸಿದರು. "ಈಗ ಹತ್ರಿ" ಎಂದರು.

ಉಸ್ತಾದರು ಅಭ್ಯಾಸದಂತೆ ಗಾಲಿಯ ಮೇಲೆ ಬಲಗಾಲಿಟ್ಟರು. ಮೈ ಎತ್ತಿದರು. ಎಡಗಾಲು ಮಡಚಲಿಲ್ಲ, ಗಡಿಯಾರದ ಮುಳ್ಳಿನ ಹಾಗೆ ಹೊರಗೆ ಚಾಚಿಕೊಂಡಿತು. ಒಂದು ಕ್ಷಣ ಹಾಗೇ ತೂಗಾಡಿ ಕೆಳಗಿಳಿದರು. ಇನ್ನೊಮ್ಮೆ ನೋಡಿದರು. ಮೂರನೆಯ ಸಲಕ್ಕೆ ಅಕ್ಕಪಕ್ಕದ ಖಾರಖಾನೆಗಳಲ್ಲಿ ಗ್ರೈಂಡರು ನಿಂತವು. ಎಲ್ಲರೂ ಬಂದು ನೋಡತೊಡಗಿದರು. ಉಸ್ತಾದರ ಟೋಪಿ ಬಿತ್ತು, ಪೆನ್ಸಿಲ್ಲು ಬಿತ್ತು, ಕೊನೆಗೆ ತಾವೇ ಮರಳಿನ ರಾಶಿಯ ಮೇಲೆ ಕೂತುಬಿಟ್ಟರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಟೀಚರೂ ನಕ್ಕರು. ಆಮೇಲೆ ಹೇಳಿದರು: "ನನ್ನ ಬಲಗಾಲಿಗಿ ಆಪರೇಷನ್ ಆಗ್ಯಾದ. ಎಡಗಾಲಿಗಿ ಸದ್ಯಕ್ ಬ್ಯಾಡ ಅಂದಾರ ಡಾಕ್ಟರು. ಹೋದ ಬ್ಯಾಸಗಿಗಿ ಹುಮನಾಬಾದ್ ಬಸ್ ಸ್ಟ್ಯಾಂಡಿನ್ಯಾಗ ಹತ್ತಲಾಕ ತ್ರಾಸ ಮಾಡಾಕತ್ತಿದ್ದೆ. ನನ್ನ ಹಳೆ ವಿದ್ಯಾರ್ಥಿ ಒಬ್ಬಾಂವ ಓಡಿ ಬಂದು, ಜೋಳದ ಚೀಲ ಎತ್ತಿದಂಗ ಎತ್ತಿ ಬಸ್ಸಿನ್ಯಾಗ ಇಟ್ಟ. ಪ್ರೀತಿಲೇ ಎತ್ತಿದ, ಖರೇ. ಆದ್ರ ಆ ಹುಡುಗಗ ಹೈಜಂಪ್ ಕಲಿಸಿದಾಕಿ ನಾನು. ನನ್ನ ಗಾಡಿ ನಾನೇ ಹತ್ತಬೇಕು ಉಸ್ತಾದ್ರ. ಯಾರೂ ಎತ್ತಬಾರದು, ಇವರೂ ಎತ್ತಬಾರದು."

ಗುರುಶಾಂತಪ್ಪನವರು ನೆಲ ನೋಡಿದರು. ಉಸ್ತಾದರು ಕಾಲಿನ ಪಟ್ಟಿ ಬಿಚ್ಚುತ್ತ, "ಎಂಟು ದಿನ ಟೈಮ್ ಕೊಡ್ರಿ" ಎಂದರು.

ಆ ಸಂಜೆ ಮನೆಯಲ್ಲಿ ಅವರು ಈ ಫಜೀತಿಯನ್ನೆಲ್ಲ ಹೆಂಡತಿ ಸುಗ್ರಾಗೆ ರಸವತ್ತಾಗಿ ಹೇಳಿದರು. ಮನೆಯಲ್ಲಿ ಅವರ ಮಾತು ದಖ್ಖನಿ ಉರ್ದು. ಕಾಲು ಚಾಚಿ ತೂಗಾಡಿದ್ದನ್ನು ಎದ್ದು ನಿಂತು ಮಾಡಿಯೂ ತೋರಿಸಿದರು. ಸುಗ್ರಾ ರೊಟ್ಟಿ ತಟ್ಟುತ್ತಿದ್ದವರು ನಗಲಿಲ್ಲ.

"ನೀವು ಎಷ್ಟು ಗಾಡಿ ಕಟ್ಟೀರಿ?" ಎಂದು ಕೇಳಿದರು.

"ಲೆಕ್ಕ ಯಾರು ಇಟ್ಟಾರ? ಸಾವಿರದ ಹತ್ತಿರ ಆಗಿರಬೇಕು."

"ಅದರಾಗ ಒಂದರಾಗಾದ್ರೂ ನಾ ಕೂತಿದ್ದು ನೆನಪದ ಏನು?"

ಉಸ್ತಾದರು ನೆನಪು ಮಾಡಿಕೊಂಡರು. ಗುಲ್ಬರ್ಗಾದ ಉರುಸಿಗೆ ಮನೆಮಂದಿಯೆಲ್ಲ ಅವರೇ ಕಟ್ಟಿದ ಹೊಸ ಟೆಂಪೊದಲ್ಲಿ ಹೋಗಿದ್ದರು. ಸುಗ್ರಾಗೆ ಆ ದಿನ ಜ್ವರ. ಮುಡಬಿಯಲ್ಲಿ ಉಸ್ತಾದರ ತಂಗಿಯ ಮದುವೆಗೆ ಎಲ್ಲರೂ ಅವರೇ ಕಟ್ಟಿದ ಲಾರಿಯಲ್ಲಿ ಹೊರಟಾಗ ಸುಗ್ರಾ ತಲೆನೋವೆಂದು ಹಿಂದಿನಿಂದ ಆಟೋದಲ್ಲಿ ಬಂದಿದ್ದರು.

"ಜ್ವರಾನೂ ಇರ್ಲಿಲ್ಲ, ತಲಿನೋವೂ ಇರ್ಲಿಲ್ಲ" ಎಂದರು ಸುಗ್ರಾ. "ಅಷ್ಟ್ ಮಂದಿ ಎದುರಿಗೆ ಬುರ್ಖಾ ಎತ್ತಿ ಹಿಡ್ಕೊಂಡು ಗಾಲಿ ಮ್ಯಾಲ ಕಾಲಿಟ್ಟು ಹ್ಯಾಂಗ ಹತ್ತಲಿ? ಆ ಟೀಚರು ಬಾಯಿ ಬಿಟ್ಟು ಹೇಳ್ಯಾರ. ನಾ ಹೇಳಲಿಲ್ಲ, ಅಷ್ಟೇ."

ಉಸ್ತಾದರು ಊಟ ಮಾಡಿದರು. ರೊಟ್ಟಿ ಬಿಸಿಯಾಗಿತ್ತು, ಪಲ್ಯ ರುಚಿಯಾಗಿತ್ತು. ಮೂವತ್ತೆರಡು ವರ್ಷದ ಸಂಸಾರ. ತಾವು ಕಟ್ಟಿದ ಗಾಡಿಗಳನ್ನು ಸಾವಿರಾರು ಜನ ಹೊಗಳಿದ್ದಾರೆ, ಹೆಂಡತಿ ಯಾಕೆ ಒಂದು ಮಾತೂ ಹೇಳಿಲ್ಲ ಎಂದು ಅವರು ಯಾವತ್ತೂ ಯೋಚಿಸಿರಲಿಲ್ಲ.

ಮಾರನೆಯ ದಿನ ಅವರು ಟೇಪು ತಗೊಂಡು ಹುಮನಾಬಾದಿಗೆ ಹೋದರು. ಟೀಚರ ಮನೆಯಲ್ಲಿ ಚಹಾ ಕುಡಿದು, "ಅಕ್ಕಾರ, ನೀವು ದಿನಾ ಹತ್ತೋದು ಇಳಿಯೋದು ಎಲ್ಲಾ ನನಗ ತೋರಿಸ್ರಿ" ಎಂದರು. ಟೀಚರಿಗೆ ಇದು ಇಷ್ಟವಾಯಿತು. ಬಾಗಿಲ ಮೆಟ್ಟಿಲು ಏಳು ಇಂಚು, ಸರಾಗವಾಗಿ ಹತ್ತಿದರು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಪ್ರತಿ ಮೆಟ್ಟಿಲಲ್ಲೂ ಎರಡೂ ಕಾಲು ಕೂಡಿಸಿ ನಿಲ್ಲುತ್ತಾರೆ. ಹಿತ್ತಲ ಕಟ್ಟೆ ಒಂಬತ್ತು ಇಂಚು. ಅಲ್ಲಿ ಗೋಡೆಗೆ ಕೈ ಹೋಯಿತು, ಹಲ್ಲು ಕಚ್ಚಿದರು. ಉಸ್ತಾದರು ಎಲ್ಲವನ್ನೂ ಸಿಗರೇಟು ಪಾಕೀಟಿನ ಹಿಂಭಾಗದಲ್ಲಿ ಬರೆದುಕೊಂಡರು.

"ಏಳು ಇಂಚಿಗೆ ಒಂದು ಮೆಟ್ಟಿಲು" ಎಂದರು ಗುರುಶಾಂತಪ್ಪನವರಿಗೆ. "ಹೆಚ್ಚಂದ್ರ ನಾಕು ಸಲ ಹತ್ತಬೇಕು, ಅದಕ್ಕಿಂತ ಜಾಸ್ತಿ ಬ್ಯಾಡ. ನಾಕು ಏಳ್ಲಾ ಇಪ್ಪತ್ತೆಂಟು. ಗಾಡಿ ನೆಲ ಭೂಮಿಯಿಂದ ಇಪ್ಪತ್ತೆಂಟು ಇಂಚಿಗಿಂತ ಮ್ಯಾಲ ಇರಬಾರದು. ಲಾರಿ ನೆಲ ನಾಲ್ವತ್ತೆಂಟು. ಅದರ ಮಾತು ಬಿಡ್ರಿ. ಮೊದಲ ಹತ್ತೋದು ನೋಡಿ ಆಮ್ಯಾಲ ಚಾಸಿ ಹುಡುಕೋಣ."

ಹುಡುಕಾಟ ಸುಲಭವಾಗಲಿಲ್ಲ. ಚಾಸಿಯ ದಲ್ಲಾಳಿ ನಾಗನಾಥ ಮೊದಲು ತೋರಿಸಿದ್ದು ಊರೂರಿಗೆ ಓಡುವ ಬಸ್ಸಿನ ಚಾಸಿ. ನೆಲ ನಾಲ್ವತ್ತು ಇಂಚು. ಸಾಲದ್ದಕ್ಕೆ ಎಂಜಿನ್ನು ಡ್ರೈವರನ ಪಕ್ಕದಲ್ಲೇ ಗುಡ್ಡದ ಹಾಗೆ ಎದ್ದು ಕೂತಿತ್ತು. ಮುಂದಿನ ಸೀಟಿನಿಂದ ಹಿಂದಿನ ಮನೆಗೆ ಹೋಗಬೇಕಾದರೆ ಅದನ್ನು ದಾಟಬೇಕು. "ಇದನ್ನ ಮೂವತ್ತೊಂದು ವರ್ಷ ಮಗ್ಗಲಿಗೆ ಇಟ್ಕೊಂಡೀನಿ, ಸಾಕಾಗ್ಯಾದ" ಎಂದರು ಗುರುಶಾಂತಪ್ಪನವರು.

ಎರಡನೆಯದು ಹೈದರಾಬಾದ್ ಕಡೆಯಿಂದ ಹರಾಜಿನಲ್ಲಿ ಬಂದ ಸಿಟಿ ಬಸ್ಸು. ಎಂಜಿನ್ನು ಹಿಂದೆ, ನೆಲ ಎಷ್ಟು ಕೆಳಗೆಂದರೆ ಟೀಚರು ಹತ್ತಿದ್ದೇ ಗೊತ್ತಾಗಲಿಲ್ಲ. ಒಳಗೆ ಹೋಗಿ ಈ ಬಾಗಿಲಿಂದ ಆ ಬಾಗಿಲಿಗೆ ನಡೆದಾಡಿ, ಇಳಿದು, ಮತ್ತೆ ಹತ್ತಿ, ಕಿಟಕಿಯಿಂದ ತಲೆ ಹಾಕಿ ಕೂಗಿದರು: "ಇದೇ ಬೇಕು! ಇನ್ನೊಂದು ನೋಡೋದು ಬ್ಯಾಡ!"

ಗುರುಶಾಂತಪ್ಪನವರು ಚಾವಿ ಇಸಿದುಕೊಂಡು ಸ್ಟೇರಿಂಗಿಗೆ ಕೂತರು. ಹೆದ್ದಾರಿಯಲ್ಲಿ ಬಸ್ಸು ಹಂಸದ ಹಾಗೆ ಹೋಯಿತು. ಮುಡಬಿ ಕಡೆಗೆ ತಿರುಗಿಸಿದ ಮೇಲೆ ಮೊದಲ ಉಬ್ಬು ಬಂತು. ಹೊಟ್ಟೆಯ ಕೆಳಗೆ ಕರ್ರ್ ಎಂದು ಕೊರೆದ ಸದ್ದು ಎಲ್ಲರ ಹಲ್ಲಿಗೂ ಮುಟ್ಟಿತು. ಎರಡನೆಯ ಉಬ್ಬಿಗೆ ಹಿಂದಿನ ಬಾಲ ಬಡಿಯಿತು. ತಿರುಗಿಸಿ ತರಲು ಅರ್ಧ ಗಂಟೆ ಹಿಡಿಯಿತು, ಅಷ್ಟು ಉದ್ದ.

"ಇದು ಪ್ಯಾಟಿ ಗಾಡಿ, ವಿಜಯಾ. ನಮ್ಮ ರೋಡಿಗೆ ಅಲ್ಲ."

"ನಿಮಗ ಗಾಡಿ ಹೊಟ್ಟಿ ಚಿಂತಿ. ನನ್ನ ಮೊಣಕಾಲು ಯಾರ ಚಿಂತಿ?"

ಇಬ್ಬರೂ ಮುಖ ತಿರುವಿಕೊಂಡು ಕೂತರು. ಉಸ್ತಾದರಿಗೆ ಇಬ್ಬರ ಮಾತೂ ಸರಿ ಅನಿಸಿತು. ಗಾಡಿಯ ಹೊಟ್ಟೆ ಮೇಲಿರಬೇಕು, ಮೆಟ್ಟಿಲು ಕೆಳಗಿರಬೇಕು. ಎರಡೂ ಒಂದೇ ಗಾಡಿಯಲ್ಲಿ ಆಗಬೇಕು.

ಅಂದಿನಿಂದ ಅವರು ಹೊಸ ಕ್ರಮ ಹಿಡಿದರು. ಯಾವ ಚಾಸಿ ತೋರಿಸಿದರೂ ಮೇಲೆ ನೋಡುವುದೇ ಇಲ್ಲ. ನೆಲಕ್ಕೆ ಗೋಣಿತಟ್ಟು ಹಾಸಿ, ಟಾರ್ಚು ಹಿಡಿದು ಅಂಗಾತ ಗಾಡಿಯ ಕೆಳಗೆ ಹೋಗುವುದು. ನಾಗನಾಥ ಹೊರಗೆ ನಿಂತು ಅವರ ಚಪ್ಪಲಿಗಳ ಜೊತೆ ಮಾತಾಡಬೇಕಾಗುತ್ತಿತ್ತು.

"ಎತ್ತರ ಬರಾಬರ್ ಅದ ಅಲ್ರಿ ಉಸ್ತಾದ್ರ, ಇನ್ನೇನು ನೋಡಾಕತ್ತೀರಿ?"

"ಎಡಕ್ಕ ಡೀಜಲ್ ಟಾಕಿ ಅದ. ಬ್ಯಾಡ."

ಇನ್ನೊಂದಕ್ಕೆ ಅದೇ ಜಾಗದಲ್ಲಿ ಬ್ಯಾಟರಿ ಪೆಟ್ಟಿಗೆ. ಮತ್ತೊಂದಕ್ಕೆ ಸ್ಟೆಪ್ನಿ ಗಾಲಿ. ಮೆಟ್ಟಿಲು ಗಾಡಿಯ ನೆಲದೊಳಗೆ ಇಳಿಯಬೇಕಾದರೆ ಎಡಮಗ್ಗುಲಲ್ಲಿ, ಎರಡು ಗಾಲಿಗಳ ನಡುವೆ, ಏನೂ ಜೋತುಬಿದ್ದಿರಬಾರದು. ಎತ್ತರ ಒಂದೇ ನೋಡಿದರೆ ಸಾಲದು, ಬಾಗಿಲ ಕೆಳಗೆ ಖಾಲಿ ಇರಬೇಕು. ಮೂವತ್ತೈದು ವರ್ಷ ಚಾಸಿ ನೋಡಿದವರಿಗೆ ಇದು ಹೊಳೆಯಲು ಒಂದು ತಿಂಗಳು ಬೇಕಾಯಿತು.

ಕೊನೆಗೆ ಸಿಕ್ಕಿತು. ಮದುವೆ ಪಾರ್ಟಿಗಳಿಗೆ ಓಡುತ್ತಿದ್ದ ಸಣ್ಣ ಬಸ್ಸು. ಬಾಡಿ ಹಾಳಾಗಿತ್ತು, ಆದರೆ ಎಂಜಿನ್ನು ಚೆನ್ನಾಗಿತ್ತು, ಮೂಗಿನೊಳಗೆ ಮುಂದಕ್ಕಿತ್ತು, ಒಳಗೆ ಗುಡ್ಡ ಎದ್ದಿರಲಿಲ್ಲ. ನೆಲ ಸರಿಯಾಗಿ ಇಪ್ಪತ್ತೆಂಟು. ಡೀಜಲ್ ಟಾಕಿ ಹಿಂದೆ ಬಾಲದ ಹತ್ತಿರ. ಉಸ್ತಾದರು ಕೆಳಗೆ ಮಲಗಿ ಚಾಸಿಯ ಉದ್ದಪಟ್ಟಿಯಿಂದ ಬಾಡಿಯ ಅಂಚಿನವರೆಗೆ ಟೇಪು ಹಿಡಿದರು. ಇಪ್ಪತ್ಮೂರು ಇಂಚು. ಪಾದ ಊರಲು ಹನ್ನೊಂದು ಇಂಚು ಅಗಲದ ಎರಡು ಮೆಟ್ಟಿಲಿಗೆ ಇಪ್ಪತ್ತೆರಡು ಸಾಕು.

"ಒಂದು ಇಂಚು ಉಳೀತು!" ಎಂದು ಅವರು ಕೆಳಗಿನಿಂದಲೇ ಕೂಗಿದಾಗ ನಾಗನಾಥನಿಗೆ ಏನೂ ತಿಳಿಯಲಿಲ್ಲ. ಉಸ್ತಾದರು ಹೊರಬಂದು ಅವನನ್ನು ಅಪ್ಪಿಕೊಂಡರು. ಅವನ ಬಿಳಿ ಅಂಗಿಗೆಲ್ಲ ಗ್ರೀಸಾಯಿತು. ಚಾಸಿಯ ಪಟ್ಟಿಗೆ ಒಂದು ಗೀರೂ ಹಾಕದೆ, ಅದರ ಪಕ್ಕದ ಖಾಲಿ ಜಾಗದಲ್ಲೇ ಮೆಟ್ಟಿಲು ಇಳಿಸಬಹುದಿತ್ತು. ಪಟ್ಟಿ ಕೊಯ್ದರೆ ಗಾಡಿಯ ಬೆನ್ನೆಲುಬು ಕೊಯ್ದ ಹಾಗೆ, ಅದನ್ನು ಅವರು ಯಾರಿಗಾಗಿಯೂ ಮಾಡುತ್ತಿರಲಿಲ್ಲ.

ಉಳಿದದ್ದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ನೆಲದಿಂದ ಏಳೇ ಇಂಚಿಗೆ ಅದನ್ನು ಕಾಯಂ ಬಿಟ್ಟರೆ ಮುಡಬಿ ರೋಡಿನ ಉಬ್ಬು ಅದನ್ನು ಉಳಿಸುವುದಿಲ್ಲ. ಹಾಗಾಗಿ ಅದನ್ನು ಮಡಚುವಂತೆ ಮಾಡಿದರು. ಬಾಗಿಲು ತೆರೆದರೆ ಸರಳೊಂದು ದೂಡಿ ಮೆಟ್ಟಿಲು ಕೆಳಗಿಳಿಯುತ್ತದೆ, ಮುಚ್ಚಿದರೆ ಮೇಲಕ್ಕೆ ಹೋಗಿ ಕೂರುತ್ತದೆ. ಕರೆಂಟು ಬೇಡ, ಮೋಟಾರು ಬೇಡ. ಡ್ರೈವರನ ಕಡೆಯ ಬಾಗಿಲ ಎತ್ತರದ ಬಗ್ಗೆ ಮಾತು ಬಂದಾಗ ಗುರುಶಾಂತಪ್ಪನವರು, "ನಾನೂ ಆಕಿ ಮೆಟ್ಟಿಲದಾಗೇ ಹತ್ತಿ ಒಳಗಿಂದ ಮುಂದ ಹೋಗ್ತೀನಿ. ನನ್ನ ಸೊಂಟಾನೂ ಹಳೇದಾಗ್ಯಾದ" ಎಂದರು. ಅದನ್ನು ಅವರು ಹೆಂಡತಿಯ ಎದುರಿಗೆ ಒಪ್ಪಿಕೊಂಡದ್ದು ಅದೇ ಮೊದಲು. ಟೀಚರು ತಾವು ತಂದಿದ್ದ ಡಬ್ಬಿಯಿಂದ ಒಂದು ಶೇಂಗಾ ಹೋಳಿಗೆ ತೆಗೆದು ಗಂಡನ ಕೈಗೆ ಕೊಟ್ಟರು.

ಬಾಡಿ ಕಟ್ಟುವ ಮುಂಚೆ ಉಸ್ತಾದರು ಕಟ್ಟಿಗೆಯಲ್ಲಿ ಮೆಟ್ಟಿಲಿನ ಮಾದರಿ ಮಾಡಿ ಅಂಗಳದಲ್ಲಿ ನಿಲ್ಲಿಸಿದರು. ಮತ್ತೆ ಮನೆಗೆ ಹೋಗಿ, "ಸುಗ್ರಾ, ಜರಾ ಖಾರಖಾನೆಗೆ ಬಾ. ನೀ ಹತ್ತಿ ನೋಡಿ ಹೇಳಬೇಕು" ಎಂದರು. ಸುಗ್ರಾ ಗಂಡನ ಮುಖ ನೋಡಿದರು. ಬುರ್ಖಾ ತೊಟ್ಟು, ಚಪ್ಪಲಿ ಮೆಟ್ಟಿದರು.

ಟೀಚರೂ ಅಂದು ಬಂದಿದ್ದರು. ಇಬ್ಬರು ಹೆಂಗಸರು ಮಾದರಿಯನ್ನು ಹತ್ತಿ ಇಳಿದು ಒಂದು ತಾಸು ಪರೀಕ್ಷೆ ಮಾಡಿದರು. ಸುಗ್ರಾ ಹಿಡಿಕೆಯ ಕಂಬಿ ಮುಟ್ಟಿ, "ಇದು ಗಂಡಸರ ಮುಷ್ಟಿಗೆ ಮಾಡಿದ್ದು. ನಮ್ಮ ಬೆರಳು ಸುತ್ತ ಬರಂಗಿಲ್ಲ" ಎಂದರು. ಟೀಚರು ಹಿಡಿದು ನೋಡಿ ಹೌದೆಂದರು. ಮೆಟ್ಟಿಲಿನ ಮುಂದೆ ಅಂದಕ್ಕಾಗಿ ಬಿಟ್ಟಿದ್ದ ತಗಡಿನ ಅಂಚಿಗೆ ಬುರ್ಖಾದ ಅಂಚು ಸಿಕ್ಕಿತು. "ಸೀರಿನೂ ಸಿಗತದ" ಎಂದರು ಟೀಚರು. ಕಂಬಿ ಎಡಕ್ಕೊಂದು ಬಲಕ್ಕೊಂದು ಬೇಕು, ಇಳಿಯುವಾಗ ಬಗ್ಗದ ಹಾಗೆ ಕೆಳಗಿನವರೆಗೂ ಬರಬೇಕು ಎಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಉಸ್ತಾದರು ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತ ನಿಂತರು. ಪಕ್ಕದ ಖಾರಖಾನೆಯವರು, "ಉಸ್ತಾದ್ ಯಾರಾಗ್ಯಾರ ಇಲ್ಲಿ?" ಎಂದು ಕೇಳಿದರು. ಅವರು ತಲೆಯೆತ್ತದೆ ಹೆಂಡತಿಯ ಕಡೆ ಬೆರಳು ತೋರಿಸಿದರು.

ಕಾಗದಪತ್ರದ ಕೆಲಸ, ಎಂಜಿನಿಯರ ನಕ್ಷೆ, ಮಂಜೂರಾತಿ ಎಲ್ಲ ಮುಗಿದು ಗಾಡಿ ರೋಡಿಗೆ ಬರುವ ಹೊತ್ತಿಗೆ ಯುಗಾದಿ ಆಗಿತ್ತು. ಹೊರಗೆ ಬೆಣ್ಣೆಯ ಬಣ್ಣ, ಒಳಗೆ ಎರಡು ಮಂಚ, ಒಂದು ಅಡಿಗೆ ಕಟ್ಟೆ, ಕಿಟಕಿಗೆ ಟೀಚರೇ ಹೊಲಿದ ಪರದೆ. ಟೀಚರು ಬಾಗಿಲು ತೆರೆದರು. ಮೆಟ್ಟಿಲು ಟಪ್ ಎಂದು ಇಳಿಯಿತು. ಬಲಗಾಲು, ಎಡಗಾಲು ಕೂಡಿಕೆ. ಬಲಗಾಲು, ಎಡಗಾಲು ಕೂಡಿಕೆ. ನಾಲ್ಕನೆಯದಕ್ಕೆ ಒಳಗೆ ನಿಂತಿದ್ದರು. ತಿರುಗಿ, ಕೊರಳಲ್ಲಿದ್ದ ಹಳೆಯ ಸೀಟಿ ತೆಗೆದು ಊದಿದರು. ಆಟೋ ನಗರದಲ್ಲಿ ಚಪ್ಪಾಳೆ ಬಿತ್ತು. ಗುರುಶಾಂತಪ್ಪನವರು ಕರ್ಚೀಫು ಹುಡುಕಿದರು, ಸಿಗದೆ ಅಂಗಿಯ ತೋಳಿನಿಂದಲೇ ಕಣ್ಣು ಒರೆಸಿಕೊಂಡರು.

ಮೊದಲ ಓಟ ಹುಮನಾಬಾದಿಗೆ. ಟೀಚರು ಸುಗ್ರಾರನ್ನು ಕರೆದರು. ಸುಗ್ರಾ ಕಂಬಿ ಹಿಡಿದು, ಯಾವ ಅವಸರವೂ ಇಲ್ಲದೆ ಹತ್ತಿ, ಕಿಟಕಿಯ ಪಕ್ಕದಲ್ಲಿ ಕೂತರು. ಉಸ್ತಾದರು ಹಿಂದಿನ ಸೀಟಿನಲ್ಲಿ. ದಾರಿಯುದ್ದಕ್ಕೂ ಸುಗ್ರಾ ಹೊರಗಿನ ಹೊಲ ನೋಡುತ್ತಿದ್ದರು, ಉಸ್ತಾದರು ಸುಗ್ರಾರನ್ನು. ರಾಜೇಶ್ವರ ಊರು ದಾಟಿದ ಮೇಲೆ ಸುಗ್ರಾ ಹಿಂದೆ ತಿರುಗಿ ದಖ್ಖನಿಯಲ್ಲಿ ಹೇಳಿದರು: "ಚಲೋ ಕಟ್ಟೀರಿ." ಅಷ್ಟೇ. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಡ್ರೈವರುಗಳೆಲ್ಲ ಕೂಡಿ ಹೊಗಳಿದ್ದರೂ ಅವರಿಗೆ ಅಷ್ಟು ಹಿಗ್ಗಾಗುತ್ತಿರಲಿಲ್ಲ.

ಆ ಗಂಡಹೆಂಡತಿ ಈಗ ಊರಲ್ಲಿ ಸಿಗುವುದೇ ಅಪರೂಪ. ಕೂಡಲಸಂಗಮ, ಬಾದಾಮಿ, ಪಂಢರಪುರ ಎಂದು ಒಂದೊಂದು ಕಡೆಯಿಂದ ಫೋನು ಬರುತ್ತದೆ. ಗುರುಶಾಂತಪ್ಪನವರು ಗಾಡಿ ನಿಲ್ಲಿಸಿದ ಕಡೆ ಮೂರು ದಿನ ಎಬ್ಬಿಸುವುದಿಲ್ಲವಂತೆ, ಟೀಚರಿಗೆ ಒಂದೇ ದಿನಕ್ಕೆ ಮುಂದಿನ ಊರು ಬೇಕಂತೆ. ಈ ಜಗಳದ ತೀರ್ಪು ಉಸ್ತಾದರೇ ಕೊಡಬೇಕೆಂದು ಇಬ್ಬರೂ ಕೇಳುತ್ತಾರೆ. ಉಸ್ತಾದರು ಫೋನನ್ನು ಸುಗ್ರಾ ಕೈಗೆ ಕೊಟ್ಟುಬಿಡುತ್ತಾರೆ.

ಮೊನ್ನೆ ಮನ್ನಾಏಖೇಳ್ಳಿಯಿಂದ ಅತಿಯಾ ಎಂಬಾಕೆ ಬಂದಿದ್ದರು. ಹಳ್ಳಿಹಳ್ಳಿಗೆ ಹೋಗಿ ಹೆಂಗಸರಿಗೆ ಹೊಲಿಗೆ ಕಲಿಸುವವರು. ಎಂಟು ಮಷೀನು ಕೂಡುವಂಥ ಗಾಡಿ ಬೇಕು, ಕ್ಲಾಸು ಗಾಡಿಯೊಳಗೇ ನಡೆಯಬೇಕು ಎಂದರು. ನಾಗನಾಥ ಹೇಳಿ ಕಳಿಸಿದ ಚಾಸಿಯೊಂದು ಅಂಗಳದಲ್ಲಿ ನಿಂತಿತ್ತು.

"ಕಲಿಯಾಕ ಬರೋರೊಳಗ ಬಸುರಿ ಹೆಣ್ಮಕ್ಕಳೂ ಇರ್ತಾರೇನ್ರಿ?" ಎಂದು ಉಸ್ತಾದರು ಕೇಳಿದರು.

"ಇರ್ತಾರ್ರಿ. ಕೂಸು ಎತ್ಕೊಂಡೂ ಬರ್ತಾರ."

"ಹಂಗಂದ್ರ ಒಂದು ಕೈ ಖಾಲಿ ಇರಂಗಿಲ್ಲ" ಎಂದು ಉಸ್ತಾದರು ತಮಗೆ ತಾವೇ ಅಂದುಕೊಂಡರು. ಟೋಪಿ ತೆಗೆದು ಸ್ಟೂಲಿನ ಮೇಲಿಟ್ಟರು, ಗೋಣಿತಟ್ಟು ಹಾಸಿದರು, ಅಂಗಾತ ಮಲಗಿ ಚಾಸಿಯ ಕೆಳಗೆ ಸರಿದರು. ಅತಿಯಾ ಸ್ಟೂಲಿನ ಪಕ್ಕದಲ್ಲಿ ನಿಂತು, ಹೊರಗೆ ಉಳಿದ ಎರಡು ಚಪ್ಪಲಿಗಳನ್ನು ನೋಡುತ್ತ, ಕೆಳಗಿನಿಂದ ಬರುವ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಡತೊಡಗಿದರು.